ಪೇಟೆಯೊಳಗೆ ಮನೆ ಮಾಡುವವರಿಗೆ

ಬೆಂಗಳೂರಿನಲ್ಲಿ ಮನೆ ಹುಡುಕುವವರು ಹಳೇ ಪೇಟೆಯ ಕಡೆ ತಲೆ ಹಾಕುವುದು ಕಡಿಮೆ. ಚಿಕ್ಕಪೇಟೆ, ಬಳೇಪೇಟೆ ಎಂದರೆ ಮದುವೆ ಜವಳಿಗೆ ಹೋಗಿಬರುವ ಜಾಗ, ಅಷ್ಟೇ. ಆದರೆ ಅಂಗಡಿಯ ಬೋರ್ಡು ಬಿಟ್ಟು ಸ್ವಲ್ಪ ಮೇಲೆ ನೋಡಿ: ಮಹಡಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಕಿಟಕಿಯ ಪಕ್ಕ ತುಳಸಿ ಕುಂಡ ಇರುತ್ತದೆ. ಅಂಥದೊಂದು ಮಹಡಿ ಮನೆ ನಿಮಗೆ ಸಿಕ್ಕಿದೆಯೆಂದರೆ ಗಾಬರಿ ಬೇಡ. ಒಂದೊಂದಾಗಿ ನೋಡೋಣ.

1537ರಲ್ಲಿ ಕೆಂಪೇಗೌಡರು ಊರು ಕಟ್ಟಿದಾಗಿನಿಂದಲೂ ಇದು ವ್ಯಾಪಾರದ ಜಾಗ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಸರಕಿಗೆ, ಕಸುಬಿಗೆ ಒಂದೊಂದು ಬೀದಿ. ಸರಕು ಬದಲಾಗಿದೆ (ಬಳೇಪೇಟೆಗೆ ಈಗ ಜನ ಹಾರ್ಮೋನಿಯಂ, ವೀಣೆ ಕೊಳ್ಳಲೂ ಬರುತ್ತಾರೆ), ಆದರೆ ಬೀದಿ ಇಂದಿಗೂ ವ್ಯಾಪಾರದ ಗಡಿಯಾರಕ್ಕೇ ನಡೆಯುತ್ತದೆ. ಆದ್ದರಿಂದ ಸಾಮಾನು ಜೋಡಿಸುವ ಮೊದಲು ಬೀದಿಯ ಹೊತ್ತುಗಳನ್ನು ತಿಳಿದುಕೊಳ್ಳಿ. ಶಟರ್ ಎಷ್ಟು ಹೊತ್ತಿಗೆ ಏಳುತ್ತದೆ, ಲೋಡು ಯಾವಾಗ ಇಳಿಯುತ್ತದೆ, ನೀರು ಯಾವ ದಿನ ಬರುತ್ತದೆ ಎಂಬುದು ಗೊತ್ತಾದರೆ ಅರ್ಧ ಸಂಸಾರ ಹೂಡಿದಂತೆ.

ಸಾಮಾನು ಸಾಗಿಸುವುದನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಟೆಂಪೋ ತಂದರೆ ಗಲ್ಲಿಯ ಬಾಯಲ್ಲೇ ನಿಲ್ಲಬೇಕು. ಹಿಂದೆ ಹಾರನ್ನು, ಮುಂದೆ ತಳ್ಳುಗಾಡಿ. ಭಾನುವಾರ ಬೆಳಗ್ಗೆ ತನ್ನಿ, ಸಗಟು ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಹಿಂದಿನ ದಿನವೇ ಬಂದು ಮೆಟ್ಟಿಲ ಅಗಲ ಅಳೆದುಕೊಳ್ಳಿ. ಇಲ್ಲಿನ ಹಳೇ ಮೆಟ್ಟಿಲುಗಳು ಕಡಿದು, ತಿರುವು ಇಕ್ಕಟ್ಟು. ಬೀರು ಅರ್ಧದಲ್ಲಿ ಸಿಕ್ಕಿಕೊಂಡರೆ ಮೇಲೂ ಹೋಗದು, ಕೆಳಗೂ ಬಾರದು. ಮಂಚ ಬಿಚ್ಚಿಯೇ ತನ್ನಿ. ಹೊರಲು ಪೇಟೆಯ ಹಮಾಲಿಗಳನ್ನೇ ಕರೆಯಿರಿ. ಈ ಮೆಟ್ಟಿಲುಗಳ ಅಂದಾಜು ಅವರಿಗಿರುವಷ್ಟು ಬೇರೆಯವರಿಗಿಲ್ಲ.

ಇನ್ನು ನೀರು. ಹೊಸಬರಿಗೆ ಹೆಚ್ಚು ಗೊಂದಲವಾಗುವುದು ಇಲ್ಲೇ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪ್ ಮಾಡಿ ಮೇಲೆತ್ತಿ ತರುತ್ತಾರೆ. ಹಾಗಾಗಿ ಬೀದಿಬೀದಿಗೆ ಸರದಿಯ ಮೇಲೆ, ಗೊತ್ತಾದ ಕೆಲವು ಗಂಟೆ ಮಾತ್ರ ಬಿಡುವುದು ರೂಢಿ. ಬಂದ ನೀರು ಮೊದಲು ನೆಲದಡಿಯ ಸಂಪಿಗೆ ಬೀಳುತ್ತದೆ, ಅಲ್ಲಿಂದ ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಒಂದೇ ಸಂಪಿಗೆ ಮೂರ್ನಾಲ್ಕು ಮನೆ, ಕೆಳಗಿನ ಅಂಗಡಿ ಎಲ್ಲ ಸೇರಿದ್ದರೆ ಮೋಟಾರ್ ಹಾಕುವವರು ಯಾರು, ಕರೆಂಟು ಯಾರ ಮೀಟರಿನದು ಎಂದು ಮೊದಲ ದಿನವೇ ಕೇಳಿ. ಕೇಳಲು ಸಂಕೋಚಪಟ್ಟರೆ ತಲೆಗೆ ಸೀಗೆಪುಡಿ ಹಚ್ಚಿಕೊಂಡ ಹೊತ್ತಿಗೆ ನಲ್ಲಿ ನಿಲ್ಲುತ್ತದೆ. ಕುಡಿಯಲು ಒಂದು ಡ್ರಮ್ಮು ಯಾವಾಗಲೂ ತುಂಬಿಟ್ಟಿರಿ.

ಕರೆಂಟಿನ ವಿಷಯದಲ್ಲಿ ಪೇಟೆಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಕೆಳಗೆ ಅಂಗಡಿ ಮೇಲೆ ಮನೆ ಇರುವ ಕಟ್ಟಡಗಳಲ್ಲಿ ಮನೆಗೆ ಪ್ರತ್ಯೇಕ ಗೃಹಬಳಕೆ ಮೀಟರ್ ಇದೆಯೇ ನೋಡಿಕೊಳ್ಳಿ. ಅಂಗಡಿಯ ವಾಣಿಜ್ಯ ಮೀಟರಿನಿಂದ ಎಳೆದ ಲೈನಾದರೆ ದರ ಬೇರೆ. 2023ರಲ್ಲಿ ಬಂದ ಗೃಹಜ್ಯೋತಿಯೂ ಸಿಗುವುದಿಲ್ಲ. ಆ ಯೋಜನೆ ಬಾಡಿಗೆದಾರರಿಗೂ ಇದೆ. ಮೊದಲಿದ್ದ ಮನೆಯ ಆರ್‌ಆರ್ ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಅದನ್ನು ಬಿಡಿಸಿ, ಇಲ್ಲಿನದಕ್ಕೆ ಹೊಸದಾಗಿ ಜೋಡಿಸಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿ ಕಟ್ಟಬೇಕು.

ಕರಾರು ಪತ್ರ 11 ತಿಂಗಳದ್ದೇ ಏಕೆಂದು ಹಲವರು ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹೀಗೆ. ಅಡ್ವಾನ್ಸ್ ಎಷ್ಟು, ಬಿಡುವಾಗ ಸುಣ್ಣಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬೆರಡನ್ನೂ ಬರವಣಿಗೆಯಲ್ಲೇ ಹಾಕಿಸಿ. ಭೋಗ್ಯಕ್ಕೆ ಮನೆ ಎಂದರೆ ಇನ್ನೂ ಹುಷಾರಾಗಿರಬೇಕು: ದೊಡ್ಡ ಮೊತ್ತ ಒಟ್ಟಿಗೆ ಕೈಬಿಟ್ಟು ಹೋಗುತ್ತದೆ, ಕೊಡುವ ಮೊದಲು ಕಟ್ಟಡದ ಮಾಲೀಕರು ನಿಜಕ್ಕೂ ಅವರೇನಾ ಎಂದು ಪತ್ರ ನೋಡಿ. ವೋಟರ್ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಸಾಕು.

ಕಸ: ಹಸಿಯದು ಹಸಿರು ಬುಟ್ಟಿಗೆ, ಸ್ಯಾನಿಟರಿ ಕಸ ಕೆಂಪು ಬುಟ್ಟಿಗೆ, ಒಣದು ಚೀಲಕ್ಕೆ. ಗಾಡಿಯ ವೇಳೆಯನ್ನು ಎದುರು ಮನೆಯ ಅಜ್ಜಿಯನ್ನು ಕೇಳಿ.

ಇಷ್ಟೆಲ್ಲ ರಗಳೆಗೆ ಪ್ರತಿಫಲವೇನು ಎನ್ನಬಹುದು. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ಎರಡೂ ಹಸಿರು ಮಾರ್ಗದ ಮೆಟ್ರೋ ನಿಲ್ದಾಣಗಳು, ನಡೆದೇ ಹೋಗಬಹುದು. ಬೆಳಕು ಹರಿಯುವ ಮೊದಲು ಮಾರ್ಕೆಟ್ಟಿಗೆ ಇಳಿದರೆ ಸೇವಂತಿಗೆ, ಕನಕಾಂಬರ ಸಗಟು ದರಕ್ಕೆ ಸಿಗುತ್ತದೆ. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳು ಮಾರ್ಕೆಟ್ಟಿನ ಮಗ್ಗುಲಲ್ಲೇ. ಮತ್ತೆ, ಕೆಳಗಿನ ಅಂಗಡಿಯ ಅಣ್ಣನಿಗೆ ಒಮ್ಮೆ ಮುಖಪರಿಚಯವಾದರೆ ನಿಮ್ಮ ಕೊರಿಯರ್, ಬೀಗದ ಕೈ, ಸ್ಕೂಲಿನಿಂದ ಬೇಗ ಬಂದ ಮಗು ಎಲ್ಲಕ್ಕೂ ಅವನದೇ ಕಾವಲು. ಕನ್ನಡ, ತೆಲುಗು, ತಮಿಳು, ಉರ್ದು, ಮಾರವಾಡಿ ಎಲ್ಲ ಬೆರೆತ ಬೀದಿ ಇದು; ನಮಸ್ಕಾರ ನೀವೇ ಮೊದಲು ಮಾಡಿ.

ಚೈತ್ರ ಹುಣ್ಣಿಮೆಯ ರಾತ್ರಿಗೆ ಮಾತ್ರ ಮೊದಲೇ ಸಿದ್ಧವಾಗಿರಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಪೇಟೆಯ ಬೀದಿಗಳಲ್ಲಿ ಸಾಗಿ, ಅರಳೇಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಬೆಳಗಾಗುವ ಹೊತ್ತಿಗೆ ಗುಡಿಗೆ ಮರಳುತ್ತದೆ. ಅಂದು ಸ್ಕೂಟರನ್ನು ಸಂಜೆಯೇ ಪೇಟೆಯಾಚೆ ನಿಲ್ಲಿಸಿ, ಸಂಪು ತುಂಬಿಸಿಕೊಳ್ಳಿ, ಅಕ್ಕಿ ಒಂದು ಪಾವು ಹೆಚ್ಚಿಗೇ ಹಾಕಿ. ಪೇಟೆಯಲ್ಲಿ ಮನೆ ಮಾಡಿದ್ದೀರೆಂದು ಮೂಗು ಮುರಿದಿದ್ದ ನೆಂಟರೆಲ್ಲ ಅಂದು ನಿಮ್ಮ ಬಾಲ್ಕನಿಯಲ್ಲೇ ಇರುತ್ತಾರೆ.