ವಿವಾಹ ವಿಚ್ಛೇದನ: ಕೊನೆಯ ಉಪಾಯ

ವಿವಾಹವು ಇಬ್ಬರು ವ್ಯಕ್ತಿಗಳನ್ನಷ್ಟೇ ಅಲ್ಲ, ಎರಡು ಮನೆತನಗಳನ್ನೂ ಕೂಡಿಸುತ್ತದೆ. ಸಾವಳಗಿಯಂತಹ ಊರುಗಳಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಬಳಕೆ ಇರುವುದರಿಂದ ಬೀಗರು ಹಲವು ವೇಳೆ ಮೊದಲೇ ಬಂಧುಗಳಾಗಿರುತ್ತಾರೆ. ಆದುದರಿಂದ ಗಂಡಹೆಂಡಿರ ನಡುವಿನ ಬಿರುಕು ಅವರಿಬ್ಬರಲ್ಲಿಯೇ ನಿಲ್ಲದೆ ತವರನ್ನೂ ಅತ್ತೆಯ ಮನೆಯನ್ನೂ ತಟ್ಟುತ್ತದೆ. ಮಕ್ಕಳಿದ್ದರೆ ಮೊದಲ ಪೆಟ್ಟು ಬೀಳುವುದು ಅವರ ಮೇಲೆ. ವಿಚ್ಛೇದನವನ್ನು ಕಾನೂನು ಹೇಗೆ ಕಾಣುತ್ತದೆ, ಅದಕ್ಕೆ ಮುಂಚೆ ಮಾಡಬೇಕಾದುದೇನು, ಸಹಿಸಬಾರದುದು ಯಾವುದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಕಾನೂನಿನ ದೃಷ್ಟಿ

ಜಮಖಂಡಿಯು 1948ರವರೆಗೆ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಆ ವರ್ಷ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಪ್ರಾಂತವು 1947ರಲ್ಲಿಯೇ ಹಿಂದೂಗಳಿಗಾಗಿ ವಿಚ್ಛೇದನದ ಕಾಯಿದೆಯೊಂದನ್ನು ಮಾಡಿತ್ತು. ಬಳಿಕ 1955ರ ಮೇ 18ರಂದು ಹಿಂದೂ ವಿವಾಹ ಅಧಿನಿಯಮವು ಜಾರಿಗೆ ಬಂದಿತು. ವೀರಶೈವರು, ಲಿಂಗಾಯತರು, ಜೈನರು, ಬೌದ್ಧರು ಮತ್ತು ಸಿಖ್ಖರು ಇದರ ವ್ಯಾಪ್ತಿಗೆ ಸೇರುತ್ತಾರೆ. ಮುಸಲ್ಮಾನರಿಗೂ ಕ್ರೈಸ್ತರಿಗೂ ಬೇರೆ ಕಾನೂನುಗಳಿವೆ.

ಈ ಅಧಿನಿಯಮವು ವಿಚ್ಛೇದನಕ್ಕೆ ಬಾಗಿಲು ತೆರೆದಿದೆಯಾದರೂ ಅವಸರಕ್ಕೆ ಎಡೆಗೊಟ್ಟಿಲ್ಲ. ಮದುವೆಯಾಗಿ 1 ವರ್ಷ ಕಳೆಯುವವರೆಗೆ, ಅಸಾಧಾರಣ ಕಷ್ಟವಿದ್ದ ಹೊರತು, ಅರ್ಜಿ ಸಲ್ಲಿಸುವಂತಿಲ್ಲ. ಸಾಧ್ಯವಿರುವ ಪ್ರಕರಣಗಳಲ್ಲಿ ದಂಪತಿಗಳನ್ನು ಒಂದುಗೂಡಿಸಲು ಯತ್ನಿಸುವುದು ನ್ಯಾಯಾಲಯದ ಕರ್ತವ್ಯ. 1976ರ ತಿದ್ದುಪಡಿಯಿಂದ ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ ದೊರೆಯಿತು. ಅದಕ್ಕೂ 1 ವರ್ಷ ಪ್ರತ್ಯೇಕವಾಗಿ ಬಾಳಿರಬೇಕು; ಅರ್ಜಿ ಕೊಟ್ಟ ಮೇಲೆ ಸಾಮಾನ್ಯವಾಗಿ ಇನ್ನೂ 6 ತಿಂಗಳು ಕಾಯಬೇಕು. ಕೂಡಿ ಬಾಳುವ ಯಾವ ಆಸೆಯೂ ಉಳಿಯದಿದ್ದಲ್ಲಿ ಈ 6 ತಿಂಗಳನ್ನು ನ್ಯಾಯಾಲಯವು ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿದೆ. ಈ ಕಾಲಾವಕಾಶದ ಉದ್ದೇಶ ಒಂದೇ: ಸಿಟ್ಟು ಇಳಿದ ಮೇಲೆಯೂ ನಿರ್ಧಾರವು ಅದೇ ಆಗಿದೆಯೇ ಎಂದು ನೋಡುವುದು.

2. ಛಾಪಾ ಕಾಗದವು ಬಿಡುಗಡೆಯಲ್ಲ

ಪಂಚರು ಕೂಡಿ, ಛಾಪಾ ಕಾಗದದ ಮೇಲೆ ಸೋಡಚೀಟಿ ಬರೆಯಿಸಿ, ಇಬ್ಬರ ಹೆಬ್ಬೆರಳೊತ್ತಿಸಿದರೆ ಸಂಬಂಧ ಹರಿಯಿತೆಂದು ನಮ್ಮ ಸೀಮೆಯಲ್ಲಿ ಅನೇಕರು ನಂಬುತ್ತಾರೆ. ಕೆಲವು ಸಮಾಜಗಳಲ್ಲಿ ಬಿಡುಗಡೆಯ ರೂಢಿಯೂ ಉಡಿಕೆಯ ರೂಢಿಯೂ ಹಿಂದಿನಿಂದ ಇವೆ. ಕಾನೂನು ಅಂತಹ ರೂಢಿಯನ್ನು ಅಳಿಸಿಲ್ಲ. ಆದರೆ ಆ ರೂಢಿಯು ಆ ಸಮಾಜದಲ್ಲಿ ಪುರಾತನವಾಗಿ, ಅವಿಚ್ಛಿನ್ನವಾಗಿ ನಡೆದು ಬಂದಿದೆಯೆಂದು ಸಾಕ್ಷ್ಯದಿಂದ ಸಿದ್ಧಪಡಿಸುವ ಹೊಣೆ ಅದನ್ನು ಹೇಳಿಕೊಳ್ಳುವವರ ಮೇಲಿರುತ್ತದೆ. ಸಿದ್ಧವಾಗದಿದ್ದರೆ ಮೊದಲ ಮದುವೆಯು ಉಳಿದೇ ಇರುತ್ತದೆ.

ಉದಾಹರಣೆಗೆ, ಸೋಡಚೀಟಿಯನ್ನೇ ನಂಬಿ ಒಬ್ಬಾಕೆ ಉಡಿಕೆಯಾದಳೆನ್ನಿ. ಮುಂದೆ ಆಸ್ತಿಯ ವ್ಯಾಜ್ಯ ಎದ್ದಾಗ ಎರಡನೆಯ ಮದುವೆಯೇ ಶೂನ್ಯವೆಂದು ವಾದ ಬರುತ್ತದೆ. ಆಕೆಗೆ ಹೆಂಡತಿಯ ಹಕ್ಕು ತಪ್ಪಬಹುದು. ಮೊದಲ ಮದುವೆ ಇರುವಾಗಲೇ ಮತ್ತೊಂದು ಮದುವೆಯಾದ ಅಪರಾಧಕ್ಕೂ ಗುರಿಯಾಗಬೇಕಾದೀತು. ಗಂಡಸಿಗೂ ಇದೇ ನಿಯಮ. ಇಂತಹ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನು ಮಾತ್ರ ಕಾನೂನು ಔರಸರೆಂದೇ ಪರಿಗಣಿಸುತ್ತದೆ. ಹಿರಿಯರು ಕೂಡಿ ಸಂಧಾನ ಮಾಡುವುದು ಒಳ್ಳೆಯದು. ಆದರೆ ಬಿಡುಗಡೆಗೆ ನ್ಯಾಯಾಲಯದ ಡಿಕ್ರಿಯೇ ಭದ್ರವಾದ ಆಧಾರ.

3. ವೈದ್ಯರಲ್ಲಿ ಪರಿಹಾರವಿರುವ ಜಗಳಗಳು

ಅನೇಕ ಸಂಸಾರಗಳು ಒಡೆಯುವುದು ಅಜ್ಞಾನದಿಂದ. ಮಕ್ಕಳಾಗಲಿಲ್ಲವೆಂಬುದು ವಿಚ್ಛೇದನಕ್ಕೆ ಕಾನೂನು ಒಪ್ಪಿದ ಕಾರಣವಲ್ಲ. ಬಂಜೆತನದ ದೋಷವು ಗಂಡಿನಲ್ಲಿರಬಹುದು, ಹೆಣ್ಣಿನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು. ಆದುದರಿಂದ ಪರೀಕ್ಷೆಗೆ ಇಬ್ಬರೂ ಹೋಗಬೇಕು. ಹೆಣ್ಣುಮಕ್ಕಳೇ ಹುಟ್ಟಿದರೆಂದು ಹೆಂಡತಿಯನ್ನು ತವರಿಗೆ ಅಟ್ಟುವುದಂತೂ ಘೋರ ಅನ್ಯಾಯ; ಮಗುವಿನ ಲಿಂಗವು ನಿರ್ಧಾರವಾಗುವುದು ತಂದೆಯ ವೀರ್ಯಾಣುವಿನಿಂದ.

ಕುಷ್ಠರೋಗವು ಹಿಂದೆ ವಿಚ್ಛೇದನದ ಕಾರಣಗಳಲ್ಲಿ ಒಂದಾಗಿತ್ತು. ಔಷಧೋಪಚಾರದಿಂದ ಅದು ಪೂರ್ಣವಾಗಿ ಗುಣವಾಗುವುದರಿಂದ 2019ರಲ್ಲಿ ಸಂಸತ್ತು ಆ ಕಾರಣವನ್ನು ತೆಗೆದುಹಾಕಿತು. ಕುಡಿತದ ಚಟವೂ ಅನೇಕ ಮಾನಸಿಕ ವ್ಯಾಧಿಗಳೂ ಚಿಕಿತ್ಸೆಗೆ ಒಳಪಡುವಂಥವು. ಇದಕ್ಕಾಗಿ ಸಮೀಪದ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಮಾನಸಿಕ ಆರೋಗ್ಯದ ಸಹಾಯವಾಣಿ 14416.

4. ಸಹನೆಗೂ ಮಿತಿಯುಂಟು

ಕೊನೆಯ ಉಪಾಯವೆಂದರೆ ಸಾಯುವವರೆಗೂ ಸಹಿಸುವುದೆಂದು ಅರ್ಥವಲ್ಲ. ಹೊಡೆತ, ವರದಕ್ಷಿಣೆಯ ಪೀಡೆ, ಊಟ ಔಷಧಗಳ ನಿರಾಕರಣೆ, ಪ್ರಾಣಭಯ ಇವು ಇದ್ದಲ್ಲಿ ಹಿರಿಯರು "ಹೊಂದಿಕೊಂಡು ಹೋಗವ್ವಾ" ಎಂದು ಮಗಳನ್ನು ಮರಳಿ ಕಳುಹಿಸುವುದು ಸಂಧಾನವಾಗದು. ಮೊದಲು ಆಕೆಯ ಪ್ರಾಣ ಉಳಿಯಬೇಕು. ಸಂಸಾರದ ಮಾತು ಆಮೇಲೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. 2005ರ ಕೌಟುಂಬಿಕ ಹಿಂಸೆಯ ಕಾಯಿದೆಯ ಪ್ರಕಾರ ರಕ್ಷಣೆಯ ಆದೇಶವನ್ನೂ ವಾಸಿಸುವ ಮನೆಯಲ್ಲಿ ಇರುವ ಹಕ್ಕನ್ನೂ ಕೋರಬಹುದು. ಇವನ್ನು ಪಡೆಯಲು ವಿಚ್ಛೇದನದ ಅರ್ಜಿ ಹಾಕಲೇಬೇಕೆಂದಿಲ್ಲ.

5. ಬೇರೆಯಾಗಲೇಬೇಕಾದಾಗ

ಕ್ರೌರ್ಯ, ವ್ಯಭಿಚಾರ, ಸತತ 2 ವರ್ಷ ಕಾರಣವಿಲ್ಲದೆ ತ್ಯಜಿಸಿ ಹೋಗುವುದು, 7 ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು ಮುಂತಾದವು ಕಾನೂನು ಒಪ್ಪಿದ ಕಾರಣಗಳು. ಮದುವೆಯನ್ನು ಮುರಿಯದೆ ಪ್ರತ್ಯೇಕವಾಗಿ ವಾಸಿಸಲು ಅನುಮತಿ ಪಡೆಯುವ ನಡುದಾರಿಯೂ ಇದೆ.

ತವರಿಗೆ ಬಂದಿರುವ ಹೆಂಡತಿಯು ಗಂಡನ ಊರಿನವರೆಗೆ ಅಲೆಯಬೇಕಾಗಿಲ್ಲ. ತಾನು ವಾಸಿಸುವ ಊರು ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆಯೋ ಅಲ್ಲಿಯೇ ಅರ್ಜಿ ಸಲ್ಲಿಸಬಹುದು. ಸ್ತ್ರೀಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಅದರ ಸಹಾಯವಾಣಿ 15100. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಹೆಂಡತಿಯೂ ಮಕ್ಕಳೂ ಜೀವನಾಂಶ ಕೇಳಬಹುದು. 5 ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. ಮಕ್ಕಳ ವಿಷಯದಲ್ಲಿ ನ್ಯಾಯಾಲಯವು ತಂದೆತಾಯಿಯರ ಹಟಕ್ಕಿಂತ ಮಕ್ಕಳ ಹಿತವನ್ನೇ ಮುಖ್ಯವಾಗಿ ನೋಡುತ್ತದೆ. ಡಿಕ್ರಿಯಾದ ಮೇಲೂ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಮರುಮದುವೆ ಮಾಡಿಕೊಳ್ಳಬಾರದು.

ಬೇರೆಯಾದರೂ ಮಗುವಿಗೆ ತಂದೆ ತಂದೆಯೇ, ತಾಯಿ ತಾಯಿಯೇ. ಒಬ್ಬರ ಮುಂದೆ ಇನ್ನೊಬ್ಬರನ್ನು ಹಳಿದು ಮಗುವಿನ ಮನಸ್ಸನ್ನು ಒಡೆಯದಿರುವುದು ಇಬ್ಬರ ಕರ್ತವ್ಯ.

ದಂಪತಿಗಳು ಕೂಡಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಜಗಳವಾದಾಗ ಮೊದಲು ಮಾತನಾಡುವವರು ಯಾರು? ಇನ್ನೊಬ್ಬರು ಪೂರ್ತಿ ಕೇಳುತ್ತಾರೆಯೇ?
2. ಮಕ್ಕಳಾಗದಿದ್ದಲ್ಲಿ ಇಬ್ಬರೂ ಪರೀಕ್ಷೆಗೆ ಏಕೆ ಹೋಗಬೇಕು?
3. ಸೋಡಚೀಟಿಯನ್ನೇ ನಂಬಿ ಮರುಮದುವೆಯಾಗುವುದರಿಂದ ಒದಗುವ ಅಪಾಯಗಳಾವುವು?
4. ತವರಿಗೆ ಬಂದ ಮಗಳು ಪೆಟ್ಟು ತಿಂದು ಬಂದಿದ್ದರೆ ಮನೆಯ ಹಿರಿಯರು ಮೊದಲು ಮಾಡಬೇಕಾದುದೇನು?