ಮರಳಿ ಬಂದ ದನಿ

ಬೆಂಗಳೂರಿನಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರವನ್ನು ದಾಟಿದ ಬಳಿಕ ಸಿಗುವ ಊರು ಪೆರೇಸಂದ್ರ. ಅಲ್ಲಿಯ ಮನೆಯೊಂದರಲ್ಲಿ ಅಜ್ಜಿಯ ಔಷಧದ ವಿಚಾರವಾಗಿ ಪಟ್ಟಣದ ವೈದ್ಯರೊಡನೆ ದೂರವಾಣಿಯಲ್ಲಿ ಮಾತುಕತೆ ನಡೆಯುತ್ತಿದೆಯೆಂದು ಊಹಿಸಬಹುದು. ಎಲ್ಲರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟಿದ್ದಾರೆ. ಅತ್ತ ವೈದ್ಯರೂ ಹಾಗೆಯೇ ಮಾಡಿದ್ದಾರೆ. ಗುಳಿಗೆ ಒಂದೋ ಎರಡೋ ಎಂದು ತಿಳಿಯಬೇಕಾದ ಗಳಿಗೆಯಲ್ಲಿ ಕೀರಲು ಸದ್ದೊಂದು ಎದ್ದರೆ ಮಾತೇ ಮುಳುಗಿಹೋಗುತ್ತದೆ. ಜಾತ್ರೆಯಲ್ಲಿ, ಶಾಲೆಯ ಧ್ವಜವಂದನೆಯಲ್ಲಿ ಮೈಕ್ ಸೆಟ್ಟಿನಿಂದ ಹೊರಡುವ ಕೂಗೂ ಇದೇ ಜಾತಿಯದು.

ಮೈಕು ದನಿಯನ್ನು ವಿದ್ಯುತ್ ಸಂಜ್ಞೆಯಾಗಿ ಮಾರ್ಪಡಿಸುತ್ತದೆ; ವರ್ಧಕವು ಅದನ್ನು ಬಲಪಡಿಸುತ್ತದೆ; ಸ್ಪೀಕರು ಅದನ್ನು ಮತ್ತೆ ದನಿಯಾಗಿಸುತ್ತದೆ. ಹಾಗೆ ಹೊರಬಿದ್ದ ದನಿಯ ಒಂದಂಶ ಮರಳಿ ಮೈಕನ್ನು ಸೇರುತ್ತದೆ. ವರ್ಧನೆ 20 ಪಟ್ಟಿದ್ದು, ಹೊರಬಿದ್ದ ದನಿಯ 40ರಲ್ಲಿ ಒಂದು ಪಾಲು ಮರಳಿದರೆ, ಮೊದಲ ಸುತ್ತಿನಲ್ಲಿ ಮೂಲದನಿಯ ಅರ್ಧ, ಎರಡನೆಯದರಲ್ಲಿ ಕಾಲು, ಮೂರನೆಯದರಲ್ಲಿ ಅರೆಕಾಲು ಉಳಿದು ಸದ್ದು ಅಡಗುತ್ತದೆ. ವರ್ಧನೆಯನ್ನು 40 ಪಟ್ಟಿಗೆ ಏರಿಸಿದರೆ ಮರಳಿದ ದನಿ ಮೂಲದಷ್ಟೇ ಇರುತ್ತದೆ. ಅದನ್ನೂ ಮೀರಿಸಿದರೆ ಸುತ್ತುಸುತ್ತಿಗೂ ಬೆಳೆದು ಕೂಗಾಗುತ್ತದೆ. ಆದರೆ ಎಲ್ಲ ಸ್ವರಗಳೂ ಹೀಗೆ ಬೆಳೆಯುವುದಿಲ್ಲ. ಯಾವ ಸ್ವರದ ಅಲೆ ಮರಳಿ ಬಂದಾಗ ಏರಿಗೆ ಏರು ಕೂಡುವುದೋ ಅದು ಮಾತ್ರ ಬಲಗೊಳ್ಳುತ್ತದೆ. ಕೂಗು ಒಂದೇ ಶ್ರುತಿಯಲ್ಲಿ ಕೇಳಿಸುವುದಕ್ಕೆ ಇದೇ ಕಾರಣ. ಈ ವಿದ್ಯಮಾನಕ್ಕೆ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಅವರ ಹೆಸರಿನಿಂದ ‘ಲಾರ್ಸೆನ್ ಪರಿಣಾಮ’ ಎಂಬ ಹೆಸರು ಬಂದಿದೆ.

ಸ್ಪೀಕರ್ ಫೋನಿನಲ್ಲಿ ತೊಡಕು ಹೆಚ್ಚು. ಮೈಕೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ ನೆರೆಹೊರೆಯಾಗಿರುತ್ತವೆ. ಬಾಯಿಂದ 5 ಸೆಂಟಿಮೀಟರ್ ದೂರದಲ್ಲಿದ್ದ ಮೈಕು 50 ಸೆಂಟಿಮೀಟರ್ ದೂರ ಸರಿದರೆ, ಅದನ್ನು ಮುಟ್ಟುವ ದನಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ಕೊರತೆಯನ್ನು ತುಂಬಲು ವರ್ಧನೆಯನ್ನು ಏರಿಸಬೇಕು. ಏರಿಸಿದರೆ ಕೂಗು ಹತ್ತಿರವಾಗುತ್ತದೆ. ವರ್ಧನೆಯನ್ನು ತೀರ ಇಳಿಸಿದರೆ ಕೂಗು ನಿಲ್ಲುತ್ತದೆ, ನಿಜ. ಆದರೆ ಮೆಲುದನಿಯ ಅಜ್ಜಿಯ ಮಾತೂ ವೈದ್ಯರನ್ನು ತಲಪುವುದಿಲ್ಲ. ಆದುದರಿಂದ ವರ್ಧನೆಯನ್ನು ಮೆಲ್ಲಮೆಲ್ಲನೆ ಏರಿಸಿ, ಗುಂಯ್‌ಗುಡುವ ಸೂಚನೆ ಕಂಡೊಡನೆ ತುಸು ಇಳಿಸಿ ನಿಲ್ಲಿಸುವುದು ಜಾಣತನ. ಉಳಿದುದನ್ನು ಮೈಕಿನ ಹತ್ತಿರ ಬಂದು ಮಾತನಾಡುವುದರಿಂದಲೂ ಸ್ಪೀಕರಿನ ಸದ್ದನ್ನು ತಗ್ಗಿಸುವುದರಿಂದಲೂ ಸಾಧಿಸಬೇಕು.

ವಿಜ್ಞಾನವು ಇನ್ನೊಂದು ಹಾದಿಯನ್ನೂ ತೋರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕದ ಬೆಲ್ ಪ್ರಯೋಗಾಲಯವನ್ನು ಸೇರಿದ ಮನಮೋಹನ ಸೋಂಧಿಯವರು, ದೂರವಾಣಿಯ ತಂತಿಯಲ್ಲಿ ಮರಳುವ ಪ್ರತಿಧ್ವನಿಯನ್ನು ಅಳಿಸುವ ಉಪಾಯವನ್ನು 1967ರಲ್ಲಿ ಪ್ರಕಟಿಸಿದರು. ಯಂತ್ರವು ಪ್ರತಿಧ್ವನಿಯ ನಕಲನ್ನು ತಾನೇ ಕಲಿತು ರಚಿಸಿ, ಬಂದ ಸಂಜ್ಞೆಯಿಂದ ಅದನ್ನು ಕಳೆಯುತ್ತದೆ. ಇಂದಿನ ಸ್ಪೀಕರ್ ಫೋನುಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ಆದರೆ ವರ್ಧನೆ ಮಿತಿಮೀರಿ ಸಂಜ್ಞೆ ವಿಕೃತಗೊಂಡರೆ ನಕಲು ಮೂಲಕ್ಕೆ ಹೊಂದುವುದಿಲ್ಲ, ಪ್ರತಿಧ್ವನಿ ಉಳಿದುಬಿಡುತ್ತದೆ. ಯಂತ್ರ ಎಷ್ಟೇ ಜಾಣನಾದರೂ ಹದವನ್ನು ಅರಿತ ಕೈ ಬೇಕೇ ಬೇಕು.

ಅಭ್ಯಾಸ
1. ಮೈಕಿನ ಕೂಗು ಒಂದೇ ಶ್ರುತಿಯಲ್ಲಿರಲು ಕಾರಣವೇನು?
2. ವರ್ಧನೆ 30 ಪಟ್ಟಿದ್ದು 60ರಲ್ಲಿ ಒಂದು ಪಾಲು ದನಿ ಮರಳಿದರೆ ಕೂಗು ಏಳುವುದೇ? ಲೆಕ್ಕ ಮಾಡಿ ತಿಳಿಸಿರಿ.
3. ವರ್ಧನೆಯನ್ನು ತೀರ ಇಳಿಸುವುದು ಏಕೆ ಸರಿಯಾದ ಪರಿಹಾರವಲ್ಲ?