ಕೇಳುವ ಗುರು: ಒಬ್ಬ ಶಿಶುಶಿಕ್ಷಕಿಯ ಆತ್ಮಾವಲೋಕನ

'ಶುಶ್ರೂಷೆ' ಎಂಬ ಶಬ್ದಕ್ಕೆ ಇಂದು ಕನ್ನಡದಲ್ಲಿ ರೋಗಿಯ ಆರೈಕೆ, ಹಿರಿಯರ ಸೇವೆ ಎಂಬ ಅರ್ಥಗಳೇ ರೂಢವಾಗಿವೆ. ಆದರೆ 'ಶ್ರು' ಧಾತುವಿನ ಮೇಲೆ ಇಚ್ಛಾರ್ಥದ ಸನ್ ಪ್ರತ್ಯಯ ಬಂದು ಸಿದ್ಧಿಸಿದ ಈ ಶಬ್ದದ ಮೂಲಾರ್ಥ 'ಕೇಳಬೇಕೆಂಬ ಬಯಕೆ' ಎಂಬುದಾಗಿದೆ. ವಿದ್ಯಾರ್ಥಿಗೆ ಇರಬೇಕಾದ ಗುಣಗಳನ್ನು ಎಣಿಸುವಾಗ ಪ್ರಾಚೀನರು ಇದಕ್ಕೆ ಅಗ್ರಸ್ಥಾನವನ್ನಿತ್ತರು. ಶಿಷ್ಯನು ಗುರುವಿನ ಮಾತನ್ನು ಕೇಳಬಯಸಬೇಕು, ಕೇಳಿದ್ದನ್ನು ಮನನ ಮಾಡಬೇಕು. ಗುರುವೂ ಶಿಷ್ಯನ ಮಾತನ್ನು ಹೀಗೆಯೇ ಕೇಳಬಯಸಬೇಕೇ ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಶಿಷ್ಯನಿಗೆ ಐದೇ ವರ್ಷ ವಯಸ್ಸಾಗಿದ್ದರಂತೂ ಆ ಪ್ರಶ್ನೆ ಹಲವರಿಗೆ ನಗೆ ತರಿಸೀತು.

ಅಂಥ ಮಕ್ಕಳ ಮಾತನ್ನು ಕೇಳುವುದನ್ನೇ ತಮ್ಮ ವೃತ್ತಿಜೀವನದ ಸಾಧನೆಯನ್ನಾಗಿ ಮಾಡಿಕೊಂಡವರು ಅಮೆರಿಕದ ಶಿಶುಶಿಕ್ಷಕಿ ವಿವಿಯನ್ ಗಸಿನ್ ಪೇಲಿ. ಇವರು 1929ರಲ್ಲಿ ಷಿಕಾಗೋ ನಗರದಲ್ಲಿ ಜನಿಸಿದರು. ಮೊದಲು ನ್ಯೂ ಆರ್ಲಿಯನ್ಸ್‌ನಲ್ಲಿ, ಅನಂತರ ನ್ಯೂಯಾರ್ಕಿಗೆ ಸಮೀಪದ ಗ್ರೇಟ್ ನೆಕ್‌ನಲ್ಲಿ ಶಿಶುತರಗತಿಗಳಿಗೆ ಪಾಠ ಹೇಳಿ, 1971ರಲ್ಲಿ ಹುಟ್ಟೂರಿಗೆ ಮರಳಿದರು. ಅಲ್ಲಿಂದ 1995ರಲ್ಲಿ ನಿವೃತ್ತರಾಗುವವರೆಗೆ ಷಿಕಾಗೋ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಕಿಂಡರ್‌ಗಾರ್ಟನ್ ಶಿಕ್ಷಕಿಯಾಗಿದ್ದರು. ತತ್ತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲಿ ಸ್ಥಾಪಿಸಿದ ಶಾಲೆಯದು. ಪೇಲಿ ಅವರು ಬರೆದ ಪುಸ್ತಕಗಳು ಹದಿಮೂರು. 1989ರಲ್ಲಿ ಅವರಿಗೆ ಮ್ಯಾಕಾರ್ಥರ್ ಪುರಸ್ಕಾರ ದೊರೆಯಿತು. 2019ರಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ದಿವಂಗತರಾದರು. ವಿಜ್ಞಾನಿಗಳೂ ಕಲಾವಿದರೂ ಪಡೆಯುವ ಆ ಪುರಸ್ಕಾರ ಐದು ವರ್ಷದ ಮಕ್ಕಳಿಗೆ ಪಾಠ ಹೇಳುವವರೊಬ್ಬರನ್ನು ಅರಸಿಕೊಂಡು ಬಂದುದು ಹೇಗೆ? ಅದಕ್ಕೆ ಉತ್ತರ ಅವರ ಪಾಂಡಿತ್ಯದಲ್ಲಿಲ್ಲ. ತಾವು ಮಾಡಿದ ತಪ್ಪುಗಳನ್ನು ಅವರು ಬರೆದಿಟ್ಟ ಬಗೆಯಲ್ಲಿದೆ.

ಶಿಶುವಿಹಾರದ ಕಲ್ಪನೆ ಹೊಸದೇನಲ್ಲ. ಫ್ರೀಡ್ರಿಕ್ ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಣತಜ್ಞರು 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ 'ಮಕ್ಕಳ ತೋಟ' ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿಟ್ಟರು. ಮಗುವಿಗೆ ಆಟವೇ ಸಹಜವಾದ ಕಲಿಕೆಯೆಂದು ಅವರು ಸಾರಿದರು. ಆದರೆ ಸಿದ್ಧಾಂತವನ್ನು ಒಪ್ಪುವುದು ಸುಲಭ. ಆಟವಾಡುತ್ತಿರುವ ಮಕ್ಕಳ ನಡುವೆ ದಿನವಿಡೀ ನಿಂತ ಶಿಕ್ಷಕಿಗೆ ಅದೇ ಆಟ ಗದ್ದಲವಾಗಿ ಕೇಳಿಸುತ್ತದೆ, ಪಾಠಕ್ಕೆ ವಿಘ್ನವಾಗಿ ಕಾಣುತ್ತದೆ. ಪೇಲಿ ಅವರಿಗೂ ಮೊದಲ ವರ್ಷಗಳಲ್ಲಿ ಹೀಗೆಯೇ ಆಯಿತು. ವೇಳಾಪಟ್ಟಿ ಸರಿಯಾಗಿ ಸಾಗಿದರೆ, ಹಾಕಿಕೊಂಡ ಪಾಠ ಮುಗಿದರೆ ದಿನ ಸಾರ್ಥಕವಾಯಿತೆಂದು ಅವರು ಭಾವಿಸಿದ್ದರು.

ಈ ಭಾವನೆಯನ್ನು ಅಲುಗಿಸಿದವರು ಶಿಶುಶಿಕ್ಷಣದ ಗಂಧವೂ ಇಲ್ಲದ ಅತಿಥಿಯೊಬ್ಬರು. ಪ್ರೌಢಶಾಲೆಯ ವಿಜ್ಞಾನದ ಅಧ್ಯಾಪಕರೊಬ್ಬರು ಪೇಲಿ ಅವರ ತರಗತಿಗೆ ಆಗಾಗ ಬಂದು, ಚೀಲದಿಂದ ಏನಾದರೊಂದು ಸಾಮಾನ್ಯ ವಸ್ತುವನ್ನು ಹೊರತೆಗೆದು ಮಕ್ಕಳೊಡನೆ ಮಾತಿಗೆ ಕುಳಿತುಕೊಳ್ಳುತ್ತಿದ್ದರು. ಪ್ರತಿಯೊಂದು ಮಗುವಿನ ಮಾತೂ ತಮಗೆ ಹೊಸ ಸಂಗತಿಯೆಂಬಂತೆ ಅವರು ಕಿವಿಗೊಡುತ್ತಿದ್ದರು. ಆ ಮಾತನ್ನು ಮತ್ತೊಮ್ಮೆ ನುಡಿದು, ಇನ್ನೊಂದು ಮಗುವಿನ ಮಾತಿಗೆ ಅದನ್ನು ಹೊಂದಿಸುತ್ತಿದ್ದರು. ತಾವು ಪಾಠ ಹೇಳುವಾಗ ಬಾಯಿ ಬಿಡದಿದ್ದ ಮಕ್ಕಳೂ ಅವರೆದುರಿಗೆ ಚರ್ಚೆಗಿಳಿಯುವುದನ್ನು ಪೇಲಿ ಕಂಡರು. ಅವರ ಕುತೂಹಲ ನಟನೆಯಾಗಿರಲಿಲ್ಲ. ಮಕ್ಕಳು ಏನು ಹೇಳುವರೆಂಬುದು ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಪೇಲಿ ಅವರಿಗಾದರೋ ಅದು ಮೊದಲೇ ತಿಳಿದಿರುತ್ತಿತ್ತು, ಅಥವಾ ತಿಳಿದಿದೆಯೆಂದು ಅವರು ನಂಬಿದ್ದರು. ತಾವು ಕೇಳುವ ಪ್ರಶ್ನೆಗಳಲ್ಲಿ ಉತ್ತರ ಮೊದಲೇ ಅಡಗಿರುತ್ತದೆ, ಆ ಒಂದು ಉತ್ತರ ಬರುವವರೆಗೆ ಉಳಿದ ಮಾತುಗಳೆಲ್ಲ ತಮಗೆ ಅಡ್ಡಮಾತುಗಳಾಗಿ ತೋರುತ್ತವೆ ಎಂಬುದು ಅವರಿಗೆ ಅರಿವಾಯಿತು. ಈ ಪ್ರಸಂಗವನ್ನು ಅವರು 1986ರಲ್ಲಿ ಹಾರ್ವರ್ಡ್ ಎಜುಕೇಷನಲ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ.

ಇಲ್ಲಿ ಕನ್ನಡ ವಾಚಕರಿಗೆ ಒಂದು ಅನುಕೂಲವಿದೆ. ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಧಾತು ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಸಲ್ಲುತ್ತದೆ. ಮಗುವನ್ನು ಕೇಳುವುದು ಬೇರೆ, ಮಗುವಿನ ಮಾತನ್ನು ಕೇಳುವುದು ಬೇರೆ ಎಂದು ಇಂಗ್ಲಿಷಿನವರು ಎರಡು ಪದಗಳಿಂದ ವಿಂಗಡಿಸುತ್ತಾರೆ. ಪೇಲಿ ಅವರು ವರ್ಷಗಟ್ಟಲೆ ಶ್ರಮಿಸಿ ಕಂಡುಕೊಂಡದ್ದು ಇವೆರಡೂ ಒಂದೇ ಕ್ರಿಯೆಯ ಎರಡು ಮುಖಗಳೆಂಬುದನ್ನು. ಆಲಿಸದವರ ಪ್ರಶ್ನೆ ಬರಿಯ ಪರೀಕ್ಷೆಯಾಗುತ್ತದೆ.

ಆ ಬಳಿಕ ಅವರ ತರಗತಿಯೊಳಗೆ ಟೇಪ್ ರೆಕಾರ್ಡರ್ ಬಂದಿತು. ಹಗಲು ಮುದ್ರಿಸಿಕೊಂಡ ಮಾತುಗಳನ್ನು ಮನೆಯಲ್ಲಿ ಮತ್ತೆ ಮತ್ತೆ ಆಲಿಸಿ, ಅಕ್ಷರಕ್ಕಿಳಿಸುವುದು ಅವರ ನಿತ್ಯದ ಅಭ್ಯಾಸವಾಯಿತು. ಯಂತ್ರವು ಯಾರ ಮುಲಾಜನ್ನೂ ಹಿಡಿಯುವುದಿಲ್ಲ. ಮಗು ಏನೋ ಹೇಳಹೊರಟಾಗ ಶಿಕ್ಷಕಿ ಬಾಯಿ ಹಾಕಿದ್ದು, ಒಂದು ಅರ್ಥದಲ್ಲಿ ಆಡಿದ ಮಾತನ್ನು ಬೇರೊಂದು ಅರ್ಥದಲ್ಲಿ ತಿಳಿದು ಮೆಚ್ಚಿದ್ದು ಅಥವಾ ಗದರಿದ್ದು, ಎಲ್ಲವೂ ಅದರಲ್ಲಿ ಉಳಿದಿರುತ್ತಿತ್ತು. ಹಗಲು ಗದ್ದಲವೆಂದು ತಳ್ಳಿಹಾಕಿದ್ದು ರಾತ್ರಿ ತರ್ಕವಾಗಿ ಕೇಳಿಸುತ್ತಿತ್ತು. ತಮ್ಮ ಧ್ವನಿಯನ್ನು ತಾವೇ ಕೇಳುವುದು ಯಾವ ಅಧ್ಯಾಪಕರಿಗೂ ಹಿತಕರವಾದ ಕೆಲಸವಲ್ಲ. ಅಲ್ಲಿ ಸಿಕ್ಕಿದ ಸಂದೇಹವನ್ನು ಮರುದಿನ ಅದೇ ಮಗುವಿನ ಮುಂದಿಟ್ಟು ಅವರು ಸ್ಪಷ್ಟಪಡಿಸಿಕೊಳ್ಳುತ್ತಿದ್ದರು. ವೃತ್ತಿಯಲ್ಲಿ ಬೆಳೆಯುವುದಕ್ಕೆ ಶಿಬಿರಗಳೂ ಪ್ರಮಾಣಪತ್ರಗಳೂ ಬೇಕೆಂದು ತಿಳಿದಿರುವ ಕಾಲದಲ್ಲಿ ಅವರ ತರಬೇತಿ ನಡೆದದ್ದು ಈ ರಾತ್ರಿಯ ಬರವಣಿಗೆಯಲ್ಲಿ.

ಪೇಲಿ ಅವರು ಎದುರಿಸಿದ ತಪ್ಪುಗಳಲ್ಲಿ ಮಹತ್ತರವಾದುದು ಮೊದಲ ಪುಸ್ತಕವಾದ 'ವೈಟ್ ಟೀಚರ್' ಎಂಬುದರಲ್ಲಿದೆ. 1979ರಲ್ಲಿ ಇದು ಪ್ರಕಟವಾಯಿತು. ಬಿಳಿಯ ಮಕ್ಕಳೂ ಕರಿಯ ಮಕ್ಕಳೂ ಒಟ್ಟಿಗೆ ಕಲಿಯುತ್ತಿದ್ದ ತರಗತಿಯಲ್ಲಿ ಮೈಬಣ್ಣವನ್ನು ಕಾಣದಂತಿರುವುದೇ ನಿಷ್ಪಕ್ಷಪಾತವೆಂದು ಅವರು ನಂಬಿದ್ದರು. ಕರಿಯ ಜನಾಂಗದ ತಾಯಿಯೊಬ್ಬರು ಇದನ್ನು ಒಪ್ಪಲಿಲ್ಲ. ತಮ್ಮ ಮಕ್ಕಳಿಗೆ ತಮ್ಮ ಬಣ್ಣ ಚೆನ್ನಾಗಿ ಗೊತ್ತು, ಅದು ಬಚ್ಚಿಡಬೇಕಾದ ಸಂಗತಿಯಲ್ಲ, ಶಾಲೆ ಅದನ್ನು ಸಹಜವಾದ ಭೇದವೆಂದು ಗುರುತಿಸಬೇಕೆಂಬುದು ಆಕೆಯ ಅಭಿಪ್ರಾಯ. ಶಿಕ್ಷಕಿಯ ಮೌನವನ್ನು ಮಗು ಔದಾರ್ಯವೆಂದು ತಿಳಿಯುವುದಿಲ್ಲ, ತನ್ನಲ್ಲಿ ಆಡಬಾರದ್ದೇನೋ ಇದೆಯೆಂದು ತಿಳಿಯುತ್ತದೆ. ಯೆಹೂದ್ಯ ಮನೆತನದವರಾದ ಪೇಲಿ ಬಾಲ್ಯದಲ್ಲಿ ಶಾಲೆಯಲ್ಲಿ ತಾವೇ ಹೊರಗಿನವರಂತೆ ಇದ್ದುದನ್ನು ಆಗ ನೆನೆದುಕೊಂಡರು. ಆ ಅನುಭವವಿದ್ದೂ ಇನ್ನೊಂದು ಮಗುವಿನ ಪರಕೀಯತೆ ತಮ್ಮ ಕಣ್ಣಿಗೆ ಬೀಳದೆ ಹೋದುದೇ ಅವರನ್ನು ಹೆಚ್ಚಾಗಿ ಕಾಡಿತು. ಒಳ್ಳೆಯ ಮನಸ್ಸಿದ್ದರೆ ಸಾಲದು ಎಂಬ ಈ ಅರಿವು ಆ ಪುಸ್ತಕದುದ್ದಕ್ಕೂ ಮುಳ್ಳಿನಂತೆ ಚುಚ್ಚುತ್ತದೆ.

1981ರಲ್ಲಿ ಬಂದ 'ವಾಲೀಸ್ ಸ್ಟೋರೀಸ್' ಎಂಬ ಗ್ರಂಥದಲ್ಲಿ ತರಗತಿಯ ಚಿತ್ರ ಇನ್ನೂ ನಿಚ್ಚಳವಾಗಿದೆ. ವಾಲಿ ಎಂಬವನು ಐದು ವರ್ಷದ ತುಂಟ ಹುಡುಗ. ನಮ್ಮ ಶಾಲೆಗಳಲ್ಲಿ ಹಿಂದೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದಂತೆ, ಅಲ್ಲಿ ತಂಟೆ ಮಾಡಿದ ಮಗುವನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಕೂರಿಸಲು ಒಂದು ಕುರ್ಚಿಯಿತ್ತು. ಒಂದು ದಿನ ವಾಲಿ ಆ ಕುರ್ಚಿಗೆ ಎರಡು ಸಲ ಹೋಗಿ ಬಂದು ಮುಖ ಬಾಡಿಸಿಕೊಂಡಿದ್ದಾಗ, ಶಿಕ್ಷಕಿ ಅವನನ್ನು ಕಥೆ ಹೇಳೆಂದು ಕರೆದು, ಅವನು ಹೇಳಿದಂತೆ ಬರೆದುಕೊಂಡರು. ಊರನ್ನು ಧ್ವಂಸಮಾಡಿದ ದೈತ್ಯಪ್ರಾಣಿಯೊಂದನ್ನು ಜನರು ಸಿಟ್ಟಿನಿಂದ ಸೆರೆಯಲ್ಲಿಟ್ಟರು. ಇನ್ನು ಒಳ್ಳೆಯವನಾಗಿರುವೆನೆಂದು ಮಾತು ಕೊಟ್ಟ ಮೇಲೆ ಅದು ಬಿಡುಗಡೆಯಾಗಿ ಮನೆಗೆ ಮರಳಿತು, ಅಲ್ಲಿ ತಾಯಿ ಕಾದಿದ್ದಳು. ಕಥೆ ಇಷ್ಟೇ. ಇದರಲ್ಲಿ ಅಂದಿನ ದಿನಚರಿಯೆಲ್ಲ ಅಡಗಿರುವುದನ್ನು ಕಾಣಲು ಮನಶ್ಶಾಸ್ತ್ರದ ವ್ಯಾಸಂಗ ಬೇಕಿಲ್ಲ. ಅನಂತರ ಮಕ್ಕಳೆಲ್ಲ ಸೇರಿ ಆ ಕಥೆಯನ್ನು ಅಭಿನಯಿಸಿದರು. ಅದುವರೆಗೆ ಕಥೆ ಬರೆಸಲು ಅಷ್ಟಾಗಿ ಆಸಕ್ತಿ ತೋರದಿದ್ದ ಮಕ್ಕಳು ಅಂದಿನಿಂದ ಸರದಿಗಾಗಿ ಕಾಯತೊಡಗಿದರು. ಹೇಳಿದ ಕಥೆಯನ್ನು ಬರೆದುಕೊಳ್ಳುವುದು, ಅದೇ ದಿನ ಅದನ್ನು ಆಡಿಸುವುದು ಎಂಬ ಪೇಲಿ ಅವರ ಪ್ರಸಿದ್ಧ ಪದ್ಧತಿಯ ಉಗಮ ಇದೇ. ಕುರ್ಚಿಯ ಗತಿ? ಮುಂದಿನ ವರ್ಷಗಳಲ್ಲಿ ಅವರು ಅದನ್ನೂ ತೊರೆದರು.

ಅದೇ ಗ್ರಂಥದಲ್ಲಿ ತರಗತಿಯ ಎರಡು ಜಮಖಾನೆಗಳನ್ನು ಕುರಿತ ವಾದವೊಂದಿದೆ. ಯಾವುದು ದೊಡ್ಡದೆಂದು ತೀರ್ಮಾನಿಸಲು ಮಕ್ಕಳು ತಮ್ಮ ತಮ್ಮ ದೇಹಗಳನ್ನೇ ಅಳತೆಗೋಲಾಗಿಸಿ ಸಾಲಾಗಿ ಮಲಗಿದರು. ಮರುದಿನ ಹಾಗೆ ಮಲಗಿದ್ದವರಲ್ಲೊಬ್ಬನು ಶಾಲೆಗೆ ಬಾರದೆ ಅಳತೆಯೇ ನಿಂತುಹೋಯಿತು. ಶಿಕ್ಷಕಿ ಅಳತೆಪಟ್ಟಿಯನ್ನು ಮುಂದಿಟ್ಟರೂ ಅದರಿಂದ ಅವರಿಗೆ ತೃಪ್ತಿಯಾಗಲಿಲ್ಲ. ಗೇಣು, ಮೊಳ, ಮಾರುಗಳಿಂದ ಅಳೆದ ನಾಡಿನವರಿಗೆ ಈ ಮಕ್ಕಳ ತರ್ಕ ವಿಚಿತ್ರವೆನಿಸಲಾರದು. ಹಿಂದಿನ ಪೇಲಿ ಆಗಿದ್ದರೆ ಸರಿಯಾದ ಉತ್ತರವನ್ನು ತಿಳಿಸಿ ಅರ್ಧ ಗಳಿಗೆಯಲ್ಲಿ ವಾದವನ್ನು ಮುಗಿಸುತ್ತಿದ್ದರು. ಈಗಿನ ಪೇಲಿ ಅದನ್ನು ಮುದ್ರಿಸಿಕೊಂಡರು.

1984ರ 'ಬಾಯ್ಸ್ ಅಂಡ್ ಗರ್ಲ್ಸ್' ಪುಸ್ತಕದಲ್ಲಿ ಗಂಡುಮಕ್ಕಳ ಓಡಾಟವನ್ನು ಕಂಡು ತಮಗೆ ಉಂಟಾಗುತ್ತಿದ್ದ ಅಸಹನೆಯನ್ನು ಅವರು ಪರೀಕ್ಷೆಗೆ ಒಡ್ಡಿದ್ದಾರೆ. ಮೇಜಿನ ಬಳಿ ಕುಳಿತು ಮಾಡುವ ಕೆಲಸಗಳು ಹೆಣ್ಣುಮಕ್ಕಳಿಗೆ ಒಗ್ಗುವುದರಿಂದ ಅವರು ಜಾಣರೆಂದೂ ಹುಡುಗರು ಚಂಚಲರೆಂದೂ ತೋರುತ್ತಿತ್ತು. ಆಟದ ಅವಧಿಯನ್ನು ಹೆಚ್ಚಿಸಿ ನೋಡಿದಾಗ ಅದೇ ಹುಡುಗರು ಆಟ ಸಾಕಾದ ಬಳಿಕ ತಾವಾಗಿಯೇ ಮೇಜಿನತ್ತ ಬಂದರು. ದೋಷ ಹುಡುಗರಲ್ಲಿರಲಿಲ್ಲ, ಗಡಿಯಾರದಲ್ಲಿತ್ತು.

1990ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಸದಾ ಹೆಲಿಕಾಪ್ಟರನ್ನೇ ಧ್ಯಾನಿಸುತ್ತ ಯಾರ ಆಟಕ್ಕೂ ಸೇರದ ಹುಡುಗನೊಬ್ಬನ ವೃತ್ತಾಂತವಿದೆ. ಅವನಿಂದ ಹೆಲಿಕಾಪ್ಟರನ್ನು ಬಿಡಿಸುವ ಗೋಜಿಗೆ ಶಿಕ್ಷಕಿ ಹೋಗಲಿಲ್ಲ. ಉಳಿದ ಮಕ್ಕಳು ತಮ್ಮ ಕಥೆಗಳಲ್ಲಿ ಅದಕ್ಕೆ ಇಳಿಯಲು ಎಡೆಮಾಡಿಕೊಡುವವರೆಗೂ ಅವರು ಕಾದರು.

ಈ ಪದ್ಧತಿಯನ್ನು ಹಾಗೆಯೇ ಅನುಕರಿಸಬೇಕೆಂಬುದು ಅವಿಚಾರವಾದೀತು. ಪೇಲಿ ಅವರದು ವಿಶ್ವವಿದ್ಯಾಲಯದ ಆಶ್ರಯದಲ್ಲಿದ್ದ ಅನುಕೂಲಸ್ಥ ಶಾಲೆ. ಐವತ್ತು ಅರವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಸಂಭಾಳಿಸಿ, ಸಂಜೆ ಮನೆಗೆ ಹೋಗಿ ಒಲೆ ಹೊತ್ತಿಸಬೇಕಾದ ಶಿಕ್ಷಕಿಗೆ ರಾತ್ರಿ ಧ್ವನಿಮುದ್ರಿಕೆಯನ್ನು ಬರಹಕ್ಕಿಳಿಸೆಂದು ಉಪದೇಶಿಸುವುದು ಸುಲಭ, ಮಾಡುವುದು ಕಷ್ಟ. ಆದರೂ ದಿನಕ್ಕೊಂದು ಮಗುವಿನ ನಾಲ್ಕು ಸಾಲಿನ ಕಥೆಯನ್ನು ಅದು ಹೇಳಿದಂತೆಯೇ, ತಿದ್ದದೆ, ಬರೆದುಕೊಳ್ಳಲು ಒಂದು ನೋಟುಪುಸ್ತಕ ಸಾಕು. ತಿದ್ದದೆ ಎಂಬುದೇ ಇಲ್ಲಿ ಕಠಿಣವಾದ ವ್ರತ. ವ್ಯಾಕರಣ ಬಲ್ಲವರಿಗಂತೂ ಕೈ ತಡೆಯುವುದು ದುಸ್ಸಾಧ್ಯ.

ಪೇಲಿ ಅವರು ಕೊನೆಯವರೆಗೂ ಎಲ್ಲವನ್ನೂ ಮಕ್ಕಳ ಇಷ್ಟಕ್ಕೆ ಬಿಟ್ಟರೆಂದು ಭಾವಿಸಬಾರದು. ಅರುವತ್ತು ದಾಟಿದ ಮೇಲೆ ಅವರು ತಮ್ಮ ತರಗತಿಗೆ ಒಂದು ನಿಯಮವನ್ನು ತಂದರು: ಆಟಕ್ಕೆ ಬರುತ್ತೇನೆಂದ ಯಾರನ್ನೂ ಬೇಡವೆನ್ನಕೂಡದು. 1992ರಲ್ಲಿ ಪ್ರಕಟವಾದ 'ಯೂ ಕಾಂಟ್ ಸೇ ಯೂ ಕಾಂಟ್ ಪ್ಲೇ' ಎಂಬ ಪುಸ್ತಕ ಇದರ ಇತಿಹಾಸ. ವರ್ಷ ವರ್ಷವೂ ಕೆಲವೇ ಮಕ್ಕಳು ಬೇಕಾದವರನ್ನು ಸೇರಿಸಿಕೊಂಡು ಬೇಡಾದವರನ್ನು ಹೊರಗಿಡುವುದನ್ನು ತಾವು ಕಂಡೂ ಕಾಣದಂತಿದ್ದೆವೆಂಬ ವ್ಯಥೆ ಅವರಿಗಿತ್ತು. ನಿಯಮವನ್ನು ಜಾರಿಗೊಳಿಸುವ ಮುನ್ನ ಅವರು ಐದನೆಯ ತರಗತಿಯವರೆಗಿನ ಹಿರಿಯ ಮಕ್ಕಳ ಬಳಿಗೂ ಹೋಗಿ ಅಭಿಪ್ರಾಯ ಕೇಳಿದರು. ನಿಯಮ ನ್ಯಾಯವಾದುದೆಂದು ಆ ಮಕ್ಕಳಲ್ಲಿ ಅನೇಕರು ಒಪ್ಪಿದರು, ಆದರೆ ನಡೆಯಲಾರದೆಂದರು. ಹಿಂದೆಂದೋ ತಮ್ಮನ್ನು ಆಟದಿಂದ ಹೊರಗಿಟ್ಟ ನೋವು ಅವರಲ್ಲಿ ಹಲವರಿಗೆ ಇನ್ನೂ ಮರೆತಿರಲಿಲ್ಲ. ಎಳೆಯರ ತರಗತಿಯಲ್ಲಿ ನಿಯಮ ನಿರೀಕ್ಷೆಗಿಂತ ಸುಗಮವಾಗಿ ನೆಲೆಗೊಂಡಿತು. ಕಥೆಯ ಅಭಿನಯದಲ್ಲಿಯೂ ಕಥೆ ಹೇಳಿದವರು ಗೆಳೆಯರನ್ನೇ ಆರಿಸುವ ಕ್ರಮ ಹೋಗಿ ಸರದಿಯ ಕ್ರಮ ಬಂದಿತು. ಆದರೆ ಬಾಲಕಿಯೊಬ್ಬಳಿಗೆ ಇದು ಸುಲಭದಲ್ಲಿ ಒಪ್ಪಿತವಾಗಲಿಲ್ಲ. ತಾನು ಬಯಸಿದವರೊಡನೆ ಮಾತ್ರ ಆಡುವಂತಿಲ್ಲವಾದರೆ ಆಟವಾಡುವುದಾದರೂ ಏತಕ್ಕೆ ಎಂಬುದು ಆಕೆಯ ವಾದ. ಪೇಲಿ ಅವರು ಆ ವಾದವನ್ನು ಅಡಗಿಸಲಿಲ್ಲ. ತಮ್ಮ ನಿಯಮದ ಕಥೆಯ ನಡುವೆಯೇ ಅದಕ್ಕೂ ಜಾಗ ಕೊಟ್ಟರು.